ಆ ಫೋಟೊ ತೆಗೆದುಬಿಡಿ ಮಾವ

ಮಾವ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ್ದು ನೋಡಿದೆ. ಕೊಲೆ ಕೇಸಲ್ಲಿ ನಿನ್ನೆ ಹಿಡಿದ ಹುಡುಗನ ಫೋಟೊ, ಪಕ್ಕದಲ್ಲಿ ಅವನ ತಂಗಿ, ಮೇಲೆ ‘ನೇಣಿಗೆ ಹಾಕುವವರೆಗೂ ಶೇರ್ ಮಾಡಿ’ ಅಂತ. ಚಿಕ್ಕಮ್ಮ ಬೇರೆ ‘ಸ್ಟೇಷನ್ನಲ್ಲಿ ಒಪ್ಪಿಕೊಂಡಿದ್ದಾನಂತೆ, ಇನ್ನೇನು ಬೇಕು’ ಅಂದಿದ್ದಾರೆ. ಟೈಪ್ ಮಾಡಿದರೆ ಜಗಳಕ್ಕೆ ನಿಂತ ಹಾಗೆ ಕಾಣುತ್ತೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತೆ, ಕೇಳಿಸಿಕೊಳ್ಳಿ.

ಕುಶಾಲನಗರದ ಕಡೆಯ ಆ ಕೇಸ್ ನೆನಪಿದೆಯಾ? ಆದಿವಾಸಿ ಹಾಡಿಯ ಕೂಲಿಯವನು, ಪಾಪ. 2020ರಲ್ಲಿ ಹೆಂಡತಿ ಕಾಣೆಯಾದಳು. ದೂರು ಕೊಟ್ಟವನೂ ಅವನೇ. ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರದ ಹತ್ತಿರ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದ್ದೇ, ಕೊಂದವನು ಇವನೇ ಅಂತ ಕೇಸಾಯಿತು. ಒಂದು ವರ್ಷಕ್ಕೂ ಜಾಸ್ತಿ ಜೈಲಲ್ಲಿದ್ದ. ಡಿಎನ್‌ಎ ತಾಳೆ ಆಗಲಿಲ್ಲ, ಆದರೂ ಕೇಸು ನಡೆಯುತ್ತಲೇ ಇತ್ತು. 2025ರ ಏಪ್ರಿಲ್‌ನಲ್ಲಿ ನೋಡಿದರೆ ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಕಣ್ಣಿಗೆ ಬಿದ್ದಳು. ಜೀವಂತವಾಗಿ! ಮೈಸೂರು ಕೋರ್ಟು ಅವನನ್ನು ಬಿಟ್ಟು, 1 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು.

ಸರಿ, ಹಾಗಾದರೆ ಆ ಮೂಳೆಗಳು ಯಾರದ್ದು ಮಾವ? ಅಲ್ಲಿ ಸತ್ತವರು ಒಬ್ಬರು ಇದ್ದರಲ್ವಾ? ಅವರ ಮನೆಯವರೂ ಎಲ್ಲೋ ಕಾಯುತ್ತಿರಬಹುದು. ಗಂಡನೇ ಕೊಂದ ಅಂತ ತೀರ್ಮಾನ ಆದಮೇಲೆ ಆ ಪ್ರಶ್ನೆ ವರ್ಷಗಟ್ಟಲೆ ಮೂಲೆಗೆ ಬಿತ್ತು.

ಚಿಕ್ಕಮ್ಮ, ಒಪ್ಪಿಕೊಂಡ ವಿಷಯ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದನ್ನು ಕೋರ್ಟಲ್ಲಿ ಆರೋಪಿಯ ಮೇಲೆ ಸಾಕ್ಷಿ ಅಂತ ಬಳಸುವ ಹಾಗಿಲ್ಲ. ಬ್ರಿಟಿಷರ ಕಾಲದ ಕಾನೂನಲ್ಲೂ ಹೀಗೇ ಇತ್ತು, 2024ರ ಜುಲೈನಲ್ಲಿ ಬಂದ ಹೊಸದರಲ್ಲೂ ಹೀಗೇ ಇದೆ. 2017ರಲ್ಲಿ ಗುರುಗ್ರಾಮದ ಸ್ಕೂಲಲ್ಲಿ ಒಬ್ಬ ಪುಟ್ಟ ಹುಡುಗನ ಕೊಲೆ ಆಯ್ತಲ್ಲ, ಆಗ ಬಸ್ ಕಂಡಕ್ಟರ್ ಒಪ್ಪಿಕೊಂಡ ಅಂತ ಟೀವಿಯಲ್ಲೆಲ್ಲ ಬಂದಿತ್ತು. ಸಿಬಿಐ ಬಂದಮೇಲೆ ಅದೇ ಸ್ಕೂಲಿನ ವಿದ್ಯಾರ್ಥಿಯನ್ನು ಹಿಡಿಯಿತು. 2018ರಲ್ಲಿ ಕೋರ್ಟು ಕಂಡಕ್ಟರನ್ನು ಕೇಸಿನಿಂದಲೇ ಕೈಬಿಟ್ಟಿತು. ಆ ಸುದ್ದಿ ನಮ್ಮ ಗ್ರೂಪಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರಾ?

ಅಣ್ಣ, ಇಂಥವರ ಪರ ವಕೀಲರೇ ನಿಲ್ಲಬಾರದು ಅಂದೆಯಲ್ಲ, ವಕೀಲರ ಸಂಘಗಳು ಹಾಗೆ ನಿರ್ಣಯ ಮಾಡುವುದೇ ತಪ್ಪು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿಯಾಗಿದೆ.

ಈ ಹುಡುಗ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡಿರಬಹುದು. ಹಾಗಾದರೆ ಇದನ್ನೂ ಕೇಳಿ. ಆರೋಪಿಯ ಮುಖಕ್ಕೆ ಪೊಲೀಸರು ಕಪ್ಪು ಬಟ್ಟೆ ಹಾಕಿ ಕರೆದುಕೊಂಡು ಹೋಗುತ್ತಾರಲ್ಲ, ಅದು ಅವನ ಮರ್ಯಾದೆ ಕಾಪಾಡುವುದಕ್ಕೆ ಅಂದುಕೊಂಡಿರಾ? ಸಾಕ್ಷಿಗಳು ಮುಂದೆ ಪರೇಡಲ್ಲಿ, ಅಂದರೆ ಸಾಲಾಗಿ ನಿಲ್ಲಿಸಿದ ಹಲವರ ನಡುವೆ, ಅವನನ್ನು ಗುರುತು ಹಿಡಿಯಬೇಕು. ಅಷ್ಟರಲ್ಲಿ ಅವನ ಮುಖ ಊರಿಗೆಲ್ಲ ವಾಟ್ಸಾಪಲ್ಲಿ ತಲುಪಿದ್ದರೆ ‘ನೀವು ಗುರುತು ಹಿಡಿದಿದ್ದು ಫೋಟೊ ನೋಡಿ’ ಅಂತಾರೆ ಅವನ ವಕೀಲರು. ನೀವು ಶೇರ್ ಮಾಡಿದ್ದು ಅವನಿಗೇ ಅನುಕೂಲ!

ಸತ್ತ ಹುಡುಗಿಯ ಅಮ್ಮನ ಮುಖ ನೋಡಿದರೆ ನನಗೂ ಹೊಟ್ಟೆ ಉರಿಯುತ್ತೆ. ಆದರೆ ಆ ತಂಗಿ ಏನು ಮಾಡಿದ್ದಾಳೆ ಮಾವ? ನಾಳೆ ಅವಳು ಕಾಲೇಜಿಗೆ ಹೋಗಬೇಕು. ಮೊದಲು ಅದನ್ನು ಡಿಲೀಟ್ ಮಾಡಿ. ‘ಎಲ್ಲರಿಗೂ’ ಅಂತ ಬರುತ್ತಲ್ಲ, ಅದನ್ನೇ ಒತ್ತಿ. ಇಲ್ಲದಿದ್ದರೆ ನಿಮ್ಮ ಫೋನಲ್ಲಿ ಮಾತ್ರ ಹೋಗುತ್ತೆ. ಬೇರೆ ಗ್ರೂಪಿಗೂ ಕಳಿಸಿದ್ದರೆ ಅಲ್ಲೂ ತೆಗೆಯಿರಿ.