ಬೇಕರಿಗೆ ಜಿಎಸ್‌ಟಿ, ಸ್ಕ್ಯಾನರ್, ವಯರಿಂಗ್: ಗೊತ್ತಿದ್ದವರು ಹೇಳಿ

ಪ್ರಶ್ನೆ, ಚಿಂತಾಮಣಿಯಿಂದ:
ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಬೇಕರಿ. ಬನ್ನು, ಕೇಕು, ಖಾರ ಇಲ್ಲೇ ಮಾಡ್ತೀವಿ. ಹಾಲು, ಬ್ರೆಡ್ಡು ತಂದು ಮಾರ್ತೀವಿ. ಮುಂದೆ ಟೀ ಕೌಂಟರ್ ಇದೆ. ವರ್ಷಕ್ಕೆ 30 ಲಕ್ಷದ ವ್ಯಾಪಾರ, ಮುಕ್ಕಾಲು ಪಾಲು ಫೋನಲ್ಲೇ ಬರುತ್ತೆ. ಜಿಎಸ್‌ಟಿ ಮಾಡಿಸಲೇಬೇಕಾ? ಸ್ಕ್ಯಾನರ್ ತೆಗೆದುಬಿಡಿ ಅಂತಾರೆ ಪಕ್ಕದವರು. ಕರೆಂಟ್ ಓವನ್, ಫ್ರೀಜರ್ ತರ್ತಿದೀವಿ, ಅದಕ್ಕೆ ಏನೇನು ನೋಡ್ಕೋಬೇಕು?

ತುಮಕೂರಿನಿಂದ, ತೆರಿಗೆ ಲೆಕ್ಕ ಬರೆಯುವವರು:
ಸರ್, ನಿಮ್ಮ ವಿಚಾರದಲ್ಲಿ ಮುಖ್ಯವಾದದ್ದು ಆ ಟೀ ಕೌಂಟರ್. ವರ್ಷದ ವ್ಯಾಪಾರ ಇಷ್ಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋ ಮಿತಿ ಇದೆಯಲ್ಲ, ಅದು 40 ಲಕ್ಷ ಇರೋದು ಬರೀ ಸರಕು ಮಾರುವವರಿಗೆ. ಟೀ ಮಾಡಿ ಕೊಡೋದು ಸೇವೆ, ಅದು ಸೇರಿದರೆ ಮಿತಿ 20 ಲಕ್ಷ. ಅಂದಮೇಲೆ ನಿಮಗೆ ನೋಂದಣಿ ಬೇಕೇ ಬೇಕು, ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಹಾಲು, ಬ್ರೆಡ್ಡಿಗೆ ತೆರಿಗೆ ಇಲ್ಲವಲ್ಲ, ಅದನ್ನು ಬಿಟ್ಟು ಲೆಕ್ಕ ಹಾಕಬಹುದು ಅಂದುಕೊಂಡು ಬಹಳ ಜನ ಎಡವುತ್ತಾರೆ. ಮಿತಿ ನೋಡುವಾಗ ಅದೂ ಸೇರುತ್ತೆ, ಗಲ್ಲಾಪೆಟ್ಟಿಗೆಯ ನಗದೂ ಸೇರುತ್ತೆ, ಅದೇ ಪ್ಯಾನ್‌ನಲ್ಲಿ ಇನ್ನೊಂದು ಅಂಗಡಿ ಇದ್ದರೆ ಅದರದ್ದೂ ಸೇರುತ್ತೆ.

ಹಾಗಾಗಿ ಸ್ಕ್ಯಾನರ್ ತೆಗೆದು ಪ್ರಯೋಜನವಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಹಿಂದಿನ ವರ್ಷಗಳ ಯುಪಿಐ ಲೆಕ್ಕ ನೋಡಿಯೇ. ಅಂಥ ನೋಟಿಸ್ ಬಂದರೆ ಅದೇ ಕೊನೆಯ ತೆರಿಗೆ ಅಲ್ಲ. ತೆರಿಗೆ ಇಲ್ಲದ ಸರಕು ಎಷ್ಟು, ಕೈಸಾಲ ಎಷ್ಟು, ಮನೆಯವರು ಹಾಕಿದ ದುಡ್ಡು ಎಷ್ಟು ಅಂತ ಬಿಡಿಸಿ, ಖರೀದಿ ಬಿಲ್ ಲಗತ್ತಿಸಿ ಗಡುವಿನೊಳಗೆ ಉತ್ತರ ಕೊಡಬೇಕು. ಸುಮ್ಮನೆ ಕೂತರೆ ಮಾತ್ರ ಕಷ್ಟ. ಇದಕ್ಕೇ ಅಂಗಡಿಗೆ ಬ್ಯಾಂಕಿನಲ್ಲಿ ಬೇರೆ ಕರೆಂಟ್ ಅಕೌಂಟ್ (ಚಾಲ್ತಿ ಖಾತೆ) ಮಾಡಿಸಿ, ಸ್ಕ್ಯಾನರನ್ನು ಅದಕ್ಕೇ ಜೋಡಿಸಿ. ಚೀಟಿ ದುಡ್ಡು, ಮಗಳ ಫೀಸು ಆ ಖಾತೆಯಲ್ಲಿ ಓಡಾಡಬಾರದು.

ಕಾಂಪೊಸಿಷನ್ (ವ್ಯಾಪಾರದ ಮೇಲೆ ಇಷ್ಟು ಶೇಕಡ ಅಂತ ತೆರಿಗೆ ಕಟ್ಟುವ ಸರಳ ಯೋಜನೆ) 1.5 ಕೋಟಿವರೆಗೂ ಸಿಗುತ್ತೆ. ಸರಕು ತಯಾರಿಸಿ ಮಾರುವವರಿಗೆ 1%, ಹೋಟೆಲಿಗೆ 5%. 30 ಲಕ್ಷಕ್ಕೆ ಅದು 30 ಸಾವಿರವೋ ಒಂದೂವರೆ ಲಕ್ಷವೋ ಅನ್ನುವಷ್ಟು ಅಂತರ. ಟೀ ಕೌಂಟರ್ ಇಟ್ಟುಕೊಂಡೇ ಹೋಗೋದಾ ಅಂತ ಅರ್ಜಿಗೆ ಮೊದಲೇ ಆಡಿಟರ್ ಜೊತೆ ಕೂತು ತೀರ್ಮಾನಿಸಿ. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಅನ್ನೋ ಫಾರ್ಮ್‌ನಲ್ಲಿ ತೆರಿಗೆ ಕಟ್ಟಬೇಕು, ಮುಂದಿನ ತಿಂಗಳ 18ರೊಳಗೆ. ಗಿರಾಕಿ ಹತ್ತಿರ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ಐಸ್‌ಕ್ರೀಮ್ ನೀವೇ ತಯಾರಿಸಿದರೆ ಈ ಯೋಜನೆ ಸಿಗಲ್ಲ, ತಂದು ಮಾರಿದರೆ ಅಡ್ಡಿಯಿಲ್ಲ.

ಕೋಲಾರದಿಂದ, ಮೊಬೈಲ್ ಮತ್ತು ಕ್ಯಾಮೆರಾ ಕೆಲಸದವರು:
ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ನಿಮ್ಮ ಫೋನಿಂದಲೇ ಸ್ಕ್ಯಾನ್ ಮಾಡಿ, ನಿಮ್ಮ ಹೆಸರೇ ಬರುತ್ತಾ ನೋಡಿ. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ಗಿರಾಕಿ ಫೋನಿನ ಹಸಿರು ಟಿಕ್ ನಂಬಬೇಡಿ, ಅದನ್ನು ತೋರಿಸೋಕೇ ನಕಲಿ ಆ್ಯಪ್ ಇವೆ. ಸೌಂಡ್ ಬಾಕ್ಸ್ ಕೂಗಬೇಕು, ಇಲ್ಲವೇ ನಿಮ್ಮ ಆ್ಯಪ್‌ನಲ್ಲಿ ದುಡ್ಡು ಕಾಣಬೇಕು. ದುಡ್ಡು ಬರೋಕೆ ಪಿನ್ ಒತ್ತುವ ಕೆಲಸವೇ ಇಲ್ಲ.

"ತಪ್ಪಿ ಜಾಸ್ತಿ ಹಾಕಿದೀನಿ, ಈ ನಂಬರಿಗೆ ವಾಪಸ್ ಹಾಕಿ" ಅಂದರೆ ಹಾಕಬೇಡಿ, ಬ್ಯಾಂಕಿಗೆ ಹೋಗಿ ಅನ್ನಿ. ಅದು ಕದ್ದ ದುಡ್ಡಾಗಿದ್ದರೆ ದೂರು ದಾಖಲಾದಾಗ ನಿಮ್ಮ ಖಾತೆಯಲ್ಲಿ ಆ ಮೊತ್ತ ತಡೆಹಿಡಿಯುತ್ತಾರೆ. ಹಾಗೇನಾದರೂ ಆದರೆ ಬ್ಯಾಂಕಿನಿಂದ ದೂರಿನ ಸಂಖ್ಯೆ, ಯಾವ ಠಾಣೆ ಅಂತ ಬರೆಸಿಕೊಳ್ಳಿ. 12 ಅಂಕಿಯ ಯುಪಿಐ ನಂಬರ್ ಜೊತೆ ಆ ದಿನದ ಬಿಲ್ ಕಳಿಸಿ. ಬಿಲ್ ಪುಸ್ತಕ ಬೇಕಾಗೋದು ಇಲ್ಲೇ. ನಿಮ್ಮದೇ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್.



ಗೌರಿಬಿದನೂರಿನಿಂದ, ಎಲೆಕ್ಟ್ರೀಷಿಯನ್:
ಅಣ್ಣಾ, ಓವನ್ ತರೋಕೆ ಮುಂಚೆ ಬೆಸ್ಕಾಂ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ನೋಡಿ, ಸಾಲದಿದ್ದರೆ ಮೊದಲು ಏರಿಸಿ. 3 ಕಿಲೋವ್ಯಾಟ್ ಓವನ್ 13 ಆಂಪಿಯರ್ ಎಳೆಯುತ್ತೆ, ಅದೂ ಗಂಟೆಗಟ್ಟಲೆ. 16 ಆಂಪಿಯರ್ ಪ್ಲಗ್ ಲೆಕ್ಕಕ್ಕೆ ಸಾಕು, ಆದರೆ ಸಾಕೆಟ್ ಒಳಗಿನ ಹಿಡಿತ ಸಡಿಲಾದರೆ ಅಲ್ಲೇ ಬಿಸಿಯಾಗುತ್ತೆ: ಮೊದಲು ಪಿನ್ ಕಪ್ಪಾಗುತ್ತೆ, ಆಮೇಲೆ ಪ್ಲಾಸ್ಟಿಕ್ ಹಳದಿಯಾಗಿ ಮೆತ್ತಗಾಗುತ್ತೆ. ಬೋರ್ಡಿಂದ ಓವನ್‌ಗೆ ಅಂತಲೇ 4 ಸ್ಕ್ವೇರ್ ಎಂಎಂ ತಾಮ್ರದ ವಯರ್, 20 ಆಂಪಿಯರ್ ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಹಾಕಿಸಿ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇರಲೇಬೇಕು. ಹಿಟ್ಟಿನ ಒದ್ದೆ ಕೈಯಲ್ಲಿ ಸ್ಟೀಲ್ ಬಾಗಿಲು ಮುಟ್ಟುವ ಹುಡುಗನ ಜೀವ ಉಳಿಸೋದು ಅದೇ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ.

ಫ್ರೀಜರ್‌ಗೆ ಬೇರೆ ಪಾಯಿಂಟ್, ಜೊತೆಗೆ ಸ್ಟೆಬಿಲೈಜರ್. ಕರೆಂಟ್ ಬಂದು ಸುಮಾರು 3 ನಿಮಿಷ ತಡೆದು ಆನ್ ಆಗುವಂಥದ್ದು ತಗೊಳ್ಳಿ. ಒಳಗಿನ ಗ್ಯಾಸಿನ ಒತ್ತಡ ಇಳಿಯೋ ಮುಂಚೆ ಕಂಪ್ರೆಸರ್ ತಿರುಗೋಕೆ ಹೋದರೆ ವೈಂಡಿಂಗ್ ಸುಡುತ್ತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಗ್ರೈಂಡರ್ ಲೈನಿನ 16ರ ಎಂಸಿಬಿ ಈಗಲೇ ಬೀಳ್ತಾ ಇದೆ. 32ರದು ಹಾಕ್ಲಾ ಅಣ್ಣಾ?

ಎಲೆಕ್ಟ್ರೀಷಿಯನ್:
ಬೇಡವೇ ಬೇಡ. ಎಂಸಿಬಿ ಇರೋದು ವಯರನ್ನು ಕಾಪಾಡೋಕೆ. 32 ಹಾಕಿದರೆ ಎಂಸಿಬಿ ಬೀಳಲ್ಲ, ಗೋಡೆಯೊಳಗೆ ವಯರ್ ಸುಡುತ್ತೆ. ಬೀಳೋ ಹೊತ್ತು ಗಮನಿಸಿ. ಏರಿಸಿದ ಕೂಡಲೇ ಬಿದ್ದರೆ ಶಾರ್ಟ್. ಹತ್ತಿಪ್ಪತ್ತು ನಿಮಿಷ ಓಡಿ ಬಿದ್ದರೆ ಲೋಡ್ ಜಾಸ್ತಿ, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲ. ಯಾವುದು ಅಂತ ನೋಡಿ ಬರೆಯಿರಿ, ಆ ಲೈನಿನ ವಯರ್ ಎಷ್ಟು ಸ್ಕ್ವೇರ್ ಎಂಎಂ ಅನ್ನೋದನ್ನೂ ತಿಳಿಸಿ.