ಪೋಪರ ಪತ್ರಗಳನ್ನು ನಾವೇ ಓದಬೇಕೇ?

ಧರ್ಮೋಪದೇಶ ಶಿಕ್ಷಕಿ, ಕಮ್ಮನಹಳ್ಳಿ:
ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ಪೋಪರ ಹೆಸರಿನಲ್ಲಿ ಆಗಾಗ ‘ಸಂದೇಶ’ಗಳು ಬರುತ್ತವೆ. ಹೂವಿನ ಚಿತ್ರ, ಅದರ ಕೆಳಗೆ ನಾಲ್ಕು ಸಾಲು. ಇದನ್ನು ಅವರು ಎಲ್ಲಿ, ಯಾವಾಗ ಹೇಳಿದರು ಎಂದು ಕೇಳಿದರೆ ಕಳುಹಿಸಿದವರಿಗೇ ಗೊತ್ತಿರುವುದಿಲ್ಲ. ಆದರೆ ಈಗಿನ ಪೋಪ್ ಹದಿನಾಲ್ಕನೆಯ ಲಿಯೋ ಅವರೇ ಸಹಿ ಹಾಕಿದ ‘ದಿಲೆಕ್ಸಿ ತೆ’ ಎಂಬ ಪತ್ರ 2025ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಪೋಪ್ ಫ್ರಾನ್ಸಿಸ್ ಆರಂಭಿಸಿದ್ದನ್ನು ಅವರ ನಿಧನದ ನಂತರ ಇವರು ಪೂರ್ಣಗೊಳಿಸಿದರು. ಬಡವರ ಮೇಲಿನ ಪ್ರೀತಿಯ ಕುರಿತಾದ 121 ಪರಿಚ್ಛೇದಗಳು. ಅದನ್ನು ತೆರೆದು ನೋಡಿದವರು ನಮ್ಮ ಗುಂಪಿನಲ್ಲಿ ಇದ್ದಾರೆಯೇ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಹಿಂದಿನ ಪೋಪ್ ಹದಿನಾರನೆಯ ಬೆನೆಡಿಕ್ಟರ ‘ದೇವುಸ್ ಕಾರಿತಾಸ್ ಎಸ್ತ್’ ಪತ್ರ ಯಾರಿಗೆ ಬರೆದದ್ದು ಎಂದು ಮೊದಲ ಪುಟದಲ್ಲೇ ಇದೆ: ಧರ್ಮಾಧ್ಯಕ್ಷರಿಗೆ, ಗುರುಗಳಿಗೆ, ಧರ್ಮಭಗಿನಿಯರಿಗೆ ಮತ್ತು ಎಲ್ಲ ಶ್ರೀಸಾಮಾನ್ಯರಿಗೆ, ಅಂದರೆ ನಮ್ಮಂಥ ಸಾಧಾರಣ ವಿಶ್ವಾಸಿಗಳಿಗೆ. ನಮ್ಮ ವಿಳಾಸಕ್ಕೆ ಬಂದ ಪತ್ರವನ್ನು ಪತ್ರಿಕೆಯವರು ಓದಿ ಸಾರಾಂಶ ಹೇಳಲಿ ಎಂದು ನಾವು ಕಾಯುತ್ತಿದ್ದೇವೆ. ತಿಂಗಳಿಗೊಂದು ಸಂಜೆ ಕುಳಿತು ಒಟ್ಟಿಗೆ ಓದೋಣ ಎಂಬುದು ನನ್ನ ಸಲಹೆ. ನಿಮ್ಮ ಅಭಿಪ್ರಾಯ ತಿಳಿಸಿ.

ಬೇಗೂರಿನವನು:
ಟೀಚರ್, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಸಲಹೆಯನ್ನು ಒಪ್ಪಲಾರೆ. ನಮ್ಮ ಜನ ಶುಭಸಂದೇಶವನ್ನೇ ಭಾನುವಾರದ ಬಲಿಪೂಜೆಯಲ್ಲಿ ಕೇಳುವುದು ಬಿಟ್ಟರೆ ಮನೆಯಲ್ಲಿ ತೆರೆಯುವುದಿಲ್ಲ. ಅಂಥವರ ಕೈಗೆ ಪೋಪ್ ಫ್ರಾನ್ಸಿಸರ 287 ಪರಿಚ್ಛೇದಗಳ ‘ಫ್ರತೆಲ್ಲಿ ತುತ್ತಿ’ ಪತ್ರ ಕೊಡುತ್ತೀರಾ? ನನ್ನ ತಾಯಿ ಯಾವ ಪೋಪರ ಪತ್ರವನ್ನೂ ಓದಿದವರಲ್ಲ. ಜಪಸರ ಹಿಡಿದು ಬದುಕಿದರು, ಬೀದಿಯಲ್ಲಿ ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಹೋಗಿ ನಿಂತವರು ಅವರೇ. ಆ ವಿಶ್ವಾಸಕ್ಕೆ ಏನು ಕಡಿಮೆಯಾಗಿತ್ತು?

ಇನ್ನೊಂದು ಭಯವೂ ಇದೆ. ಓದಿದವರು ಪಕ್ಷ ಕಟ್ಟುತ್ತಾರೆ. ಕುಟುಂಬ ಯೋಜನೆಯ ಪತ್ರ ಹಿಡಿದವರು ಪರಿಸರದ ಪತ್ರವನ್ನು ಮುಟ್ಟುವುದಿಲ್ಲ, ಪರಿಸರದ ಪತ್ರ ಹಿಡಿದವರು ಇನ್ನೊಂದನ್ನು ಮುಟ್ಟುವುದಿಲ್ಲ. ನಿಮ್ಮ ಪೋಪ್, ನಮ್ಮ ಪೋಪ್ ಎಂದು ವಾದ ಶುರುವಾಗುತ್ತದೆ.

ಪೀಣ್ಯ ಕಾರ್ಮಿಕ:
ಬೇಗೂರಿನ ಸಹೋದರರಿಗೆ: ನಿಮ್ಮ ತಾಯಿಯವರ ಬಗ್ಗೆ ಎರಡು ಮಾತಿಲ್ಲ. ಆದರೆ ಕಾರ್ಖಾನೆಯ ಬಾಗಿಲಲ್ಲಿ ನಿಂತವನಿಗೆ ಬೇರೆ ಪ್ರಶ್ನೆಗಳಿರುತ್ತವೆ. ನಾನು ಗುತ್ತಿಗೆ ಕೆಲಸಗಾರ. ‘ಒಪ್ಪಿಕೊಂಡು ತಾನೇ ಸಹಿ ಹಾಕಿದ್ದೀಯ, ಈಗ ಸಂಬಳ ಸಾಲದು ಎಂದರೆ ಹೇಗೆ?’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 1891ರ ಮೇ 15ರಂದು ಆಗಿನ ಪೋಪ್ ಹದಿಮೂರನೆಯ ಲಿಯೋ ‘ರೇರುಮ್ ನೊವಾರುಮ್’ ಪತ್ರದಲ್ಲಿ ಇದಕ್ಕೆ ನೇರ ಉತ್ತರ ಬರೆದಿದ್ದಾರೆ. ಗತಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದ ಕೆಲಸಗಾರ ಕಠಿಣ ಷರತ್ತಿಗೆ ಒಪ್ಪಿದರೆ ಅವನು ಬಲಾತ್ಕಾರಕ್ಕೂ ಅನ್ಯಾಯಕ್ಕೂ ಬಲಿಯಾದವನು. ಮಿತವಾಗಿ ಬಾಳುವ ಕೆಲಸಗಾರನ ಜೀವನ ನಡೆಯುವಷ್ಟು ಕೂಲಿ ಸಿಗಬೇಕು, ಈ ನ್ಯಾಯ ಯಾವುದೇ ಒಪ್ಪಂದಕ್ಕಿಂತ ಹಳೆಯದು ಮತ್ತು ದೊಡ್ಡದು. ಕೆಲಸಗಾರರು ಸಂಘ ಕಟ್ಟಿಕೊಳ್ಳುವ ಹಕ್ಕನ್ನೂ ಅದೇ ಪತ್ರ ಎತ್ತಿಹಿಡಿಯುತ್ತದೆ.

ಇದನ್ನು ಚರ್ಚಿನ ಯಾವ ಪ್ರಬೋಧನೆಯಲ್ಲೂ (ಪೂಜೆಯ ಉಪದೇಶದಲ್ಲೂ) ನಾನು ಕೇಳಿರಲಿಲ್ಲ. ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪ್ರತಿಯನ್ನು ನಿಘಂಟು ಇಟ್ಟುಕೊಂಡು ಓದಿದೆ. ಓದಿದ ದಿನ ನನ್ನ ಧರ್ಮಸಭೆ ನನ್ನ ಪಕ್ಕದಲ್ಲಿ ನಿಂತಿದೆ ಎಂದು ಮೊದಲ ಬಾರಿಗೆ ಅನಿಸಿತು. ಈಗಿನ ಪೋಪರು ಲಿಯೋ ಎಂಬ ಹೆಸರು ಆರಿಸಿಕೊಂಡದ್ದೂ ಮುಖ್ಯವಾಗಿ ಇದೇ ಪತ್ರದ ಕಾರಣಕ್ಕೆ ಎಂದು 2025ರ ಮೇ ತಿಂಗಳಲ್ಲಿ ಕಾರ್ಡಿನಲ್‌ಗಳಿಗೆ ಅವರೇ ಹೇಳಿದರು.

ನರ್ಸ್, ಶಿವಾಜಿನಗರ:
ಕುಟುಂಬ ಯೋಜನೆಯ ಪತ್ರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 1968ರ ‘ಹುಮಾನೇ ವೀತೇ’ಯನ್ನು ಪೂರ್ತಿ ಓದಿ ವಾದ ಮಾಡಿದವರನ್ನು ನಾನು ಕಂಡಿಲ್ಲ. ಪರವಾಗಿ ಮಾತನಾಡುವವರೂ ಹಾಗೆಯೇ, ವಿರೋಧವಾಗಿ ಮಾತನಾಡುವವರೂ ಹಾಗೆಯೇ. ಇರುವುದು ಕೇವಲ 31 ಪರಿಚ್ಛೇದ. ಮದುವೆ ತಯಾರಿಯ ತರಗತಿಯಲ್ಲಿ ನಮಗೆ ‘ಕೃತಕ ಗರ್ಭನಿರೋಧ ನಿಷೇಧ’ ಎಂಬ ಒಂದು ವಾಕ್ಯ ದೊರೆಯಿತು, ಕಾರಣ ಯಾರೂ ಹೇಳಲಿಲ್ಲ. ಪತ್ರದಲ್ಲಿ ಕಾರಣವೂ ಇದೆ, ಜವಾಬ್ದಾರಿಯ ತಾಯ್ತನ-ತಂದೆತನದ ಬಗ್ಗೆ ವಿವರವೂ ಇದೆ, ಮುಟ್ಟಿನ ಚಕ್ರವನ್ನು ನೋಡಿಕೊಂಡು ಹೆರಿಗೆಗಳ ನಡುವೆ ಅಂತರ ಕಾಯ್ದುಕೊಳ್ಳಲು ಅನುಮತಿಯೂ ಇದೆ.

ಹದಿನೇಳನೆಯ ಪರಿಚ್ಛೇದವನ್ನು ದಯವಿಟ್ಟು ಓದಿ. ನೈತಿಕತೆಯ ಹಂಗಿಲ್ಲದ ಸರ್ಕಾರಗಳು ಕೃತಕ ಗರ್ಭನಿರೋಧದ ವಿಧಾನಗಳನ್ನು ಜನರ ಮೇಲೆ ಹೇರಬಹುದು ಎಂದು ಪತ್ರ ಬರೆದ ಪೋಪ್ ಆರನೆಯ ಪೌಲ್ ಅಲ್ಲಿ ಎಚ್ಚರಿಸಿದ್ದಾರೆ. ಹತ್ತು ವರ್ಷ ಕಳೆಯುವ ಮೊದಲೇ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ನಮ್ಮ ದೇಶದ ಬಡವರನ್ನು ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಎಳೆದುಕೊಂಡು ಹೋದರು. ಆ ಪತ್ರದ ಎಲ್ಲ ಮಾತೂ ನನಗೆ ಸುಲಭವಾಗಿಲ್ಲ, ಕೆಲವು ಕಡೆ ಮನಸ್ಸು ಇನ್ನೂ ತಕರಾರು ಮಾಡುತ್ತದೆ. ಆದರೆ ಓದಿ ತಕರಾರು ಮಾಡುವುದಕ್ಕೂ ಕೇಳಿದ್ದನ್ನೇ ಹಿಡಿದು ತಕರಾರು ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ.

ನಿವೃತ್ತ ಮೇಷ್ಟ್ರು, ಚಾಮರಾಜಪೇಟೆ:
ಒಂದು ವಿಷಯ ಸ್ಪಷ್ಟವಾಗಲಿ. ಪೋಪ್ ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರ, ಬುಧವಾರದ ಉಪದೇಶ, ಪ್ರೇಷಿತ ಪ್ರಬೋಧನ ಪತ್ರ (ವಿಶ್ವಾಸಿಗಳನ್ನು ಹುರಿದುಂಬಿಸುವ ಪತ್ರ), ವಿಶ್ವಪತ್ರ (ಇಡೀ ಧರ್ಮಸಭೆಗೆ ಬರೆದ ಬೋಧನೆಯ ಪತ್ರ) ಇವೆಲ್ಲಕ್ಕೂ ಒಂದೇ ತೂಕವಲ್ಲ. ಪೋಪರು ಅಧಿಕೃತವಾಗಿ ಬೋಧಿಸುವಾಗ, ಅದು ತಪ್ಪಾಗಲಾರದ ಘೋಷಣೆ ಅಲ್ಲದಿದ್ದರೂ, ಮನಸ್ಸು ಬುದ್ಧಿಗಳೆರಡರಿಂದಲೂ ಗೌರವದಿಂದ ಸ್ವೀಕರಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ (ಜಗತ್ತಿನ ಧರ್ಮಾಧ್ಯಕ್ಷರ ಸಭೆ) ‘ಲೂಮೆನ್ ಜೆಂತಿಯುಮ್’ ಎಂಬ ದಾಖಲೆಯ 25ನೆಯ ಪರಿಚ್ಛೇದದಲ್ಲಿ ಹೇಳಿದೆ. ಅದೇ ಜಾಗದಲ್ಲಿ, ಯಾವ ಬಗೆಯ ದಾಖಲೆ, ಎಷ್ಟು ಸಲ ಹೇಳಿದ್ದಾರೆ, ಹೇಗೆ ಹೇಳಿದ್ದಾರೆ ಎಂಬುದನ್ನು ನೋಡಿ ಅವರ ಆಶಯ ತಿಳಿಯಬೇಕು ಎಂದೂ ಇದೆ. ಪತ್ರವನ್ನೇ ಓದದವನು ಇದನ್ನು ತೂಗಿ ನೋಡುವುದು ಹೇಗೆ? ಬೇಗೂರಿನವರು ಹೇಳುವ ಪಕ್ಷ ಕಟ್ಟುವ ರೋಗ ಓದಿನಿಂದ ಬಂದದ್ದಲ್ಲ, ಅರೆ ಓದಿನಿಂದ ಬಂದದ್ದು.

ಬೇಗೂರಿನವನು:
ಮೇಷ್ಟ್ರೇ, ಪೂರ್ತಿ ಓದು ಯಾವ ಭಾಷೆಯಲ್ಲಿ? ವ್ಯಾಟಿಕನ್ ಜಾಲತಾಣದಲ್ಲಿ ಇಟಾಲಿಯನ್, ಸ್ಪ್ಯಾನಿಷ್, ಇಂಗ್ಲಿಷ್ ಎಲ್ಲ ಸಿಗುತ್ತದೆ. ಪೀಣ್ಯದ ಸಹೋದರರು ನಿಘಂಟು ಇಟ್ಟುಕೊಂಡು ಓದಬೇಕಾಯಿತು ಎಂದರೆ ಅದು ಅವರ ಛಲಕ್ಕೆ ಸಾಕ್ಷಿ, ನಮ್ಮ ವ್ಯವಸ್ಥೆಗೆ ಅವಮಾನ. ವ್ಯಾಟಿಕನ್ ನ್ಯೂಸ್ 2024ರಿಂದ ಕನ್ನಡದಲ್ಲೂ ಬರುತ್ತಿರುವುದು ಸಂತೋಷ, ಆದರೆ ಸುದ್ದಿ ಬೇರೆ, ಪತ್ರ ಬೇರೆ. ಈ ಊರಿನಲ್ಲಿ ಗುರುಗಳನ್ನು ತಯಾರು ಮಾಡುವ ಇಷ್ಟೊಂದು ಗುರುಮಠಗಳಿವೆ, ದೈವಶಾಸ್ತ್ರದ ಕಾಲೇಜುಗಳಿವೆ. ಪ್ರತಿ ಪತ್ರದ ಒಂದೊಂದು ಅಧ್ಯಾಯವನ್ನಾದರೂ ತಿಳಿಗನ್ನಡದಲ್ಲಿ ಅಚ್ಚು ಹಾಕಿ ಚರ್ಚಿನ ಬಾಗಿಲಲ್ಲಿ ಇಡಲಿ. ಆಮೇಲೆ ಜನ ಓದುವುದಿಲ್ಲ ಎಂದು ದೂರಲಿ.

ಒಬ್ಬ ಗುರು:
ಈ ಮಾತು ನ್ಯಾಯವಾದದ್ದು. ಕಿರುಪುಸ್ತಕಗಳ ಕೆಲಸದಲ್ಲಿ ನಾನು ಕೈ ಜೋಡಿಸುತ್ತೇನೆ.

ಪೀಠದಿಂದ ಏಕೆ ಓದಿ ಹೇಳುವುದಿಲ್ಲ ಎಂದು ಕೆಲವರಿಗೆ ಅನಿಸಿರಬಹುದು. 1937ರ ಗರಿಗಳ ಭಾನುವಾರ (ಈಸ್ಟರ್‌ಗೆ ಮುಂಚಿನ ಭಾನುವಾರ) ಜರ್ಮನಿಯ ಚರ್ಚುಗಳಲ್ಲಿ ಅದೇ ನಡೆಯಿತು. ಆಗಿನ ಪೋಪ್ ಹನ್ನೊಂದನೆಯ ಪಿಯುಸ್ ನಾಜಿಗಳ ವಿರುದ್ಧ ಜರ್ಮನ್ ಭಾಷೆಯಲ್ಲಿಯೇ ಬರೆದ ಪತ್ರವನ್ನು ಗುಟ್ಟಾಗಿ ಒಳತಂದು, ಗುಟ್ಟಾಗಿ ಅಚ್ಚು ಹಾಕಿ, ಪೀಠದಿಂದ ಓದಿದರು. ಅಚ್ಚು ಹಾಕಿದ ಮುದ್ರಣಾಲಯಗಳನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಪತ್ರ ಮುಟ್ಟಿಸಲು ಜನ ಅಷ್ಟು ಅಪಾಯ ಮೈಮೇಲೆ ಎಳೆದುಕೊಂಡಿದ್ದರು. ಆದರೆ ನಮ್ಮ ಸಾಮಾನ್ಯ ಭಾನುವಾರ ಪ್ರಬೋಧನೆ ಆ ದಿನದ ಶುಭಸಂದೇಶಕ್ಕೆ ಸೇರಿದ್ದು, ಅದೂ ಚಿಕ್ಕದಾಗಿರಬೇಕು ಎಂದು ಪೋಪ್ ಫ್ರಾನ್ಸಿಸ್ ‘ಎವಾಂಜೆಲಿ ಗೌದಿಯುಮ್’ನಲ್ಲಿ ಗುರುಗಳಿಗೆ ಬರೆದಿದ್ದಾರೆ. ಆ ಭಾಗವನ್ನು ಶ್ರೀಸಾಮಾನ್ಯರೂ ಓದಲಿ, ನಮ್ಮಿಂದ ಏನನ್ನು ನಿರೀಕ್ಷಿಸಬೇಕೆಂದು ಅವರಿಗೂ ತಿಳಿಯಲಿ. ಹಾಗಾಗಿ ಟೀಚರ್ ಹೇಳಿದ ಸಂಜೆಯ ಓದೇ ಸರಿಯಾದ ಜಾಗ.

ನರ್ಸ್, ಶಿವಾಜಿನಗರ:
ಹಾಗಾದರೆ ಪೋಪ್ ಫ್ರಾನ್ಸಿಸರ ಪರಿಸರದ ಪತ್ರ ‘ಲೌದಾತೊ ಸಿ’ಯಿಂದ ಆರಂಭಿಸಬಹುದಲ್ಲವೇ ಫಾದರ್? ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಅದರ 30ನೆಯ ಪರಿಚ್ಛೇದದಲ್ಲಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರ್‌ಗಾಗಿ ಕಾದು ನಿಂತ ಬೆಂಗಳೂರಿಗರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ಕಂಡವರಿಗೂ ಅಷ್ಟೇ. ಊಟಕ್ಕೆ ಮೊದಲು, ಊಟದ ನಂತರ ದೇವರಿಗೆ ಕೃತಜ್ಞತೆ ಹೇಳುವ ರೂಢಿಗೆ ಮರಳಿ ಎಂದೂ ಅದೇ ಪತ್ರ ಹೇಳುತ್ತದೆ.

ಪೀಣ್ಯ ಕಾರ್ಮಿಕ:
ನನ್ನ ಮತ ‘ರೇರುಮ್ ನೊವಾರುಮ್’ಗೆ. ಭಾಷೆ ಹಳೆಯದು, ಆದರೆ ಹೊಟ್ಟೆಪಾಡು ಹಾಗೆಯೇ ಇದೆ.

ಧರ್ಮೋಪದೇಶ ಶಿಕ್ಷಕಿ, ಕಮ್ಮನಹಳ್ಳಿ:
ಎರಡೂ ಬೇಕು. ಆದರೆ ಬೇಗೂರಿನ ಸಹೋದರರನ್ನು ಹೊರಗೆ ಬಿಟ್ಟು ಆರಂಭಿಸಲು ನನಗೆ ಮನಸ್ಸಿಲ್ಲ. ಸಹೋದರರೇ, ನೀವು ಭಾರವೆಂದ ‘ಫ್ರತೆಲ್ಲಿ ತುತ್ತಿ’ಯ ಎರಡನೆಯ ಅಧ್ಯಾಯವನ್ನು ನೋಡಿ. ಲೂಕನ ಶುಭಸಂದೇಶದ ದಯಾಳು ಸಮಾರಿಯನ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ಪೂರ್ತಿಯಾಗಿ ಕೊಟ್ಟು, ಇಡೀ ಅಧ್ಯಾಯ ಅದರ ಮೇಲೆಯೇ ನಿಂತಿದೆ. ದರೋಡೆಗಾರರು ಯಾರು, ಕಂಡೂ ಕಾಣದಂತೆ ಹೋದವರು ಯಾರು, ನಾವು ಇವರಲ್ಲಿ ಯಾರು ಎಂದು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳುತ್ತಾರೆ. ಹಾಗೆ ಹೋದವರು ದೇವರ ಸೇವೆಯಲ್ಲಿದ್ದವರು ಎಂಬುದನ್ನೂ ಮರೆಮಾಚುವುದಿಲ್ಲ. ಕಾಯಿಲೆಯ ಮನೆಗೆ ಮೊದಲು ಹೋಗುತ್ತಿದ್ದ ನಿಮ್ಮ ತಾಯಿಯವರು ಬದುಕಿದ್ದು ಅದನ್ನೇ. ಆ ಅಧ್ಯಾಯವನ್ನು ಕನ್ನಡಕ್ಕೆ ತರುವ ಕೆಲಸ ನನ್ನದು, ಫಾದರ್ ತಿದ್ದಿಕೊಡಲಿ.

ಬೇಗೂರಿನವನು:
ಆ ಅಧ್ಯಾಯಕ್ಕೆ ಬರುತ್ತೇನೆ. ಒಂದು ಷರತ್ತು: ಮೊದಲು ಬೈಬಲ್ ತೆರೆದು ಲೂಕನ ಹತ್ತನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕು, ಪೋಪರ ಪತ್ರ ಅದರ ನಂತರ. ಮುಂದಿನ ಪತ್ರ ಯಾವುದೆಂಬ ತೀರ್ಮಾನವನ್ನೂ ಅಲ್ಲಿಯೇ ಮಾಡೋಣ. ಅಲ್ಲಿಯವರೆಗೆ ನನ್ನ ತಕರಾರು ಹಾಗೆಯೇ ಇರಲಿ.

ಧರ್ಮೋಪದೇಶ ಶಿಕ್ಷಕಿ, ಕಮ್ಮನಹಳ್ಳಿ:
ಷರತ್ತು ಒಪ್ಪಿಗೆ. ಲೂಕನನ್ನು ನೀವೇ ಓದಬೇಕು.