ಬೇಲಿ ಸರಿಸಿದ್ದು ಯಾರು?

ತೀರ್ಥಹಳ್ಳಿ ಹತ್ತಿರದ ನಮ್ಮ ಮಾವನ ಮನೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಮೆಟ್ಟುಗತ್ತಿ ಮುಂದೆ ಕೂತರೆ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ. ಅವತ್ತು ಸಿಕ್ಕಿಬಿದ್ದವನು ಮಂಜಣ್ಣ. ಆರು ವರ್ಷದಲ್ಲಿ ಅವನ ಬೇಲಿ ಶೇಷಣ್ಣನ ತೋಟದೊಳಗೆ ಒಂದು ಅಡಿ ಹೋಗಿದೆ.

"ನಾನು ಮುಟ್ಟಿಲ್ಲ ಮಾರಾಯ! ಭಾರತದ ನೆಲವೇ ವರ್ಷಕ್ಕೆ 5 ಸೆಂಟಿಮೀಟರ್ ಸರಿಯುತ್ತಂತೆ, ಮೊಬೈಲ್‌ನಲ್ಲಿ ಬಂದಿತ್ತು. ಐದಾರ್ಲೆ ಮೂವತ್ತು. ಒಂದು ಅಡಿ ಆಯ್ತಲ್ಲ?"

ಶೇಷಣ್ಣ ಗೋಟು ಕೆಳಗಿಟ್ಟ. "ಮೇಷ್ಟ್ರೇ, ಹೌದಾ ಇದು?"

ನಮ್ಮ ಮೇಷ್ಟ್ರು ನಿವೃತ್ತರಾಗಿ ಹತ್ತು ವರ್ಷ. ಪಾಠ ಕೇಳುವವರು ಸಿಕ್ಕರೆ ಬಿಡುವವರಲ್ಲ.

"ಲೆಕ್ಕ ಸರಿ ಇದೆ. ಧರೆ ಸರಿಯೋದೂ ನಿಜ."

"ನಮ್ಮನೆ ಹಿಂದಿನ ಧರೆ ಪ್ರತಿ ಮಳೆಗಾಲ ಸರಿಯುತ್ತೆ, ಕೊಟ್ಟಿಗೆ ಮೇಲೇ!" ಅಂದ ಶೇಷಣ್ಣ.

"ಅದು ಬೇರೆ ಧರೆ ಮಾರಾಯ. ನಮ್ಮ ಕಾಲಡಿಯ ಚಿಪ್ಪು ಸುಮಾರು 40 ಕಿಲೋಮೀಟರ್ ದಪ್ಪ. ಅದರಡಿಯ ಗಟ್ಟಿ ಕಲ್ಲೂ ಸೇರಿ ಒಂದು ಚಪ್ಪಡಿ. ಅದರ ಕೆಳಗೆ 2,900 ಕಿಲೋಮೀಟರ್ ಆಳದವರೆಗೂ ಬಿಸಿ ಕಲ್ಲು."

"ಕರಗಿದ್ದಾ?"

"ಎಲ್ಲರೂ ಹಾಗೇ ಅಂದುಕೊಳ್ತಾರೆ. ಅದು ಗಟ್ಟಿಯೇ. ಆದರೆ ಲಕ್ಷಗಟ್ಟಲೆ ವರ್ಷ ಬಿಟ್ಟು ನೋಡಿದರೆ ಚಳಿಗಾಲದ ಜೋನಿ ಬೆಲ್ಲದ ಹಾಗೆ ಮೆಲ್ಲಗೆ ಹರಿದಿರುತ್ತೆ. ಅದಕ್ಕೂ ಕೆಳಗೆ ಕರಗಿದ ಕಬ್ಬಿಣ. ನಟ್ಟನಡುವೆ ಗಟ್ಟಿ ಕಬ್ಬಿಣದ ಗುಂಡು."

"ಯಾರು ಹೋಗಿ ನೋಡಿದ್ದು?" ಅಂದೆ ನಾನು.

"ಹೋಗೋದೆಲ್ಲಿಂದ ಬಂತು? ನಡುವಿಗೆ 6,371 ಕಿಲೋಮೀಟರ್. ರಷ್ಯಾದವರು ತಮ್ಮ ಕೋಲಾ ಅನ್ನೋ ಜಾಗದಲ್ಲಿ 12 ಕಿಲೋಮೀಟರ್ ಕೊರೆದು ಕೈ ಬಿಟ್ಟರು."

"ನೀರು ಬಂತಾ?" ಅಂದ ಮಂಜಣ್ಣ. ಎರಡು ಬೋರು ಒಣಗಿದವನ ಸಂಕಟ, ಪಾಪ.

"ಹಲಸಿನಕಾಯಿ ಕೊಯ್ಯದೇ ಬಡಿದು ನೋಡ್ತೀರಲ್ಲ, ಅದೇ ವಿದ್ಯೆ. ಇಲ್ಲಿ ಬಡಿಯೋದು ಭೂಕಂಪ. ಅದರ ಅಲೆಗಳನ್ನು ನೋಡಿಯೇ ಡೆನ್ಮಾರ್ಕಿನ ವಿಜ್ಞಾನಿ ಇಂಗೆ ಲೇಮನ್ 1936ರಲ್ಲಿ ಒಳಗೆ ಇನ್ನೊಂದು ಗುಂಡಿದೆ ಅಂತ ಹೇಳಿದ್ದು."

"ಗುಂಡು ಇರಲಿ, ನನ್ನ ಬೇಲಿ?"

"ಬಂದೆ. ಸುಮಾರು 9 ಕೋಟಿ ವರ್ಷದ ಹಿಂದೆ ನಮ್ಮ ಪಡುವಣ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಪಾಲಾಗಿ ಬೇರೆ ಹೋಯ್ತು. ಆಗ ಉಕ್ಕಿದ ಲಾವಾವೇ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು. ಆಮೇಲೆ ನಾವು ಬಡಗಣಕ್ಕೆ ಹೊರಟು ಏಷ್ಯಾಕ್ಕೆ ಗುದ್ದಿದೆವು. ಹಿಮಾಲಯ ಎದ್ದಿತು. ಇನ್ನೂ ಗುದ್ದುತ್ತಲೇ ಇದ್ದೇವೆ."

"ಪಾಲಾದ ಮೇಲೂ ಜಗಳ ಮುಗಿದಿಲ್ಲ ಅನ್ನಿ," ಎಂದು ಒಳಗಿಂದ ಅತ್ತೆ. ಅವರು ಯಾರ ಮನೆ ನೆನೆಸಿಕೊಂಡರೋ, ನಾನು ಕೇಳಲಿಲ್ಲ.

ಮಂಜಣ್ಣ ಎದೆಯುಬ್ಬಿಸಿದ. "ಹಾಗಾದರೆ ನನ್ನ ತಪ್ಪಿಲ್ಲ!"

"ತಡಿ. ಚಪ್ಪಡಿ ಹೋಗ್ತಿರೋದು ಈಶಾನ್ಯಕ್ಕೆ. ಶೇಷಣ್ಣನ ತೋಟ ನಿನಗೆ ಯಾವ ದಿಕ್ಕು?"

"...ಪಡುವಣಕ್ಕೆ."

"ಅದೂ ಬಿಡು. ನಿನ್ನ ತೋಟ, ಅವನ ತೋಟ, ಬೇಲಿ, ಈ ಅಡಿಕೆ ರಾಶಿ, ಎಲ್ಲ ಒಂದೇ ಚಪ್ಪಡಿ ಮೇಲೆ ಒಟ್ಟಿಗೇ ಹೋಗ್ತಿವೆ. ಬಸ್ಸು ಆಗುಂಬೆ ಘಾಟಿ ಇಳಿದ ಮಾತ್ರಕ್ಕೆ ನೀನು ಪಕ್ಕದವನ ತೊಡೆ ಮೇಲೆ ಕೂತಿರ್ತೀಯಾ?"

ಅಂಗಳವೆಲ್ಲ ನಗು. ಮಂಜಣ್ಣ ನಾಲ್ಕು ಅಡಿಕೆ ಸುಲಿಯುವಷ್ಟು ಹೊತ್ತು ಸುಮ್ಮನಿದ್ದ.

"ಆಯ್ತು ಶೇಷಣ್ಣ, ಬೇಲಿ ಹಿಂದಕ್ಕೆ ಹಾಕ್ತೀನಿ."

"ಯಾವಾಗ?"

"ನಾಳೆಯಿಂದಲೇ ಶುರು. ವರ್ಷಕ್ಕೆ 5 ಸೆಂಟಿಮೀಟರ್."